ಡುಲೂತ್‌ನಲ್ಲಿ ಮನೆ: ನೀರಿನ ಪಕ್ಕನಾ, ಗುಡ್ಡದ ಮೇಲಾ? (ಮೇ ಮುಗೀತಾ ಬಂದ್ರೂ ಜಾಕೆಟ್ ಬಿಚ್ಚಿಲ್ಲ)

ಹೊಸಬ_ಡುಲೂತ್
ಎಲ್ಲರಿಗೂ ನಮಸ್ಕಾರ. ಹೋದ ವರ್ಷ ಬೇಸಿಗೆ ಕೊನೆಯಲ್ಲಿ ಡಲ್ಲಾಸ್ ಬಿಟ್ಟು ಮಿನ್ನೆಸೋಟಾದ ಡುಲೂತ್‌ಗೆ ಬಂದೆವು. ಬಾಡಿಗೆ ಮನೆ ಲೇಕ್ ಸುಪೀರಿಯರ್‌ನಿಂದ ಎರಡೇ ಬೀದಿ ಮೇಲೆ. ಅಡುಗೆಮನೆ ಕಿಟಕಿಯಿಂದ ನೀರು ಕಾಣುತ್ತೆ, ಹಡಗು ಕಾಣುತ್ತೆ. ಹೆಂಡತಿ ಅದಕ್ಕೇ ಮನಸೋತು ಇದೇ ಮನೆ ಅಂದಳು.

ಚಳಿಗಾಲ ಹೇಗೋ ಕಳೀತು. ಅದರ ಬಗ್ಗೆ ಎಲ್ಲರೂ ಮೊದಲೇ ಹೆದರಿಸಿದ್ದರು, ಹಾಗಾಗಿ ತಯಾರಾಗಿಯೇ ಇದ್ದೆವು. ಈ ವಸಂತದ ಬಗ್ಗೆ ಮಾತ್ರ ಯಾರೂ ಬಾಯಿ ಬಿಟ್ಟಿರಲಿಲ್ಲ! ಇವತ್ತು ಮಧ್ಯಾಹ್ನ ಗುಡ್ಡದ ಮೇಲಿನ ಅಂಗಡಿ ಬೀದಿಯಲ್ಲಿ 23 ಡಿಗ್ರಿ. ಜನ ಚಡ್ಡಿ ಹಾಕ್ಕೊಂಡು ಐಸ್‌ಕ್ರೀಂ ತಿನ್ನುತ್ತಿದ್ದರು. ಕಾರಲ್ಲಿ ಸ್ವಲ್ಪ ದೂರ ಇಳಿದು ಮನೆಗೆ ಬಂದರೆ 8 ಡಿಗ್ರಿ. ಮಂಜು ಮುಸುಕಿ ಎದುರು ಮನೆಯೇ ಕಾಣಲ್ಲ. ಹೀಟರ್ ಇನ್ನೂ ಓಡುತ್ತಿದೆ. ಮೇಲೆ ಸೇಬಿನ ಮರ ಹೂ ಬಿಟ್ಟಿದೆ, ನಮ್ಮ ಹಿತ್ತಲಿನ ಲೈಲಾಕ್ ಹೂಗಿಡ ಈಗಷ್ಟೇ ಎಲೆ ಬಿಚ್ಚುತ್ತಿದೆ.

ಈ ವರ್ಷ ಮನೆ ಕೊಳ್ಳಬೇಕು ಅಂತಿದ್ದೇವೆ. ನೀರಿನ ಪಕ್ಕನೇ ಇರೋದಾ, ಗುಡ್ಡ ಹತ್ತೋದಾ? ಇದು ಪ್ರತಿ ವರ್ಷದ ಕಥೆಯಾ, ಇಲ್ಲ ಈ ವರ್ಷ ಮಾತ್ರ ಹೀಗಾ?

ಬಂದರು_ಬಾಬು
'ಕೂಲರ್ ಬೈ ದ ಲೇಕ್', ಅಂದರೆ ಸರೋವರದ ಪಕ್ಕ ಇನ್ನೂ ತಂಪು. ಇಲ್ಲಿನ ಹವಾಮಾನ ವರದಿಯವರ ಬಾಯಿಪಾಠ. ಊರಿಗೆ ಸ್ವಾಗತ 😄

ಗುಡ್ಡದಮನೆ
ಪ್ರತಿ ವರ್ಷದ ಕಥೆ. ಕಣ್ಣು ಮುಚ್ಚಿಕೊಂಡು ಮೇಲೆ ಬನ್ನಿ. ವಿಮಾನ ನಿಲ್ದಾಣದ ಕಡೆ ನೆಲ ಸರೋವರಕ್ಕಿಂತ ಸುಮಾರು 250 ಮೀಟರ್ ಎತ್ತರದಲ್ಲಿದೆ. ಪೂರ್ವದ ಗಾಳಿ ಬೀಸಿದರೆ ನೀರಿನ ತಂಪು ಕೆಳಗಿನ ಬೀದಿಗಳನ್ನೆಲ್ಲ ತುಂಬಿಕೊಳ್ಳುತ್ತೆ, ಎಷ್ಟೋ ದಿನ ನಮ್ಮ ತನಕ ಹತ್ತೋದೇ ಇಲ್ಲ. ನಾವು ಮೇ ತಿಂಗಳಲ್ಲಿ ಅಂಗಳದಲ್ಲಿ ಕೂತು ಊಟ ಮಾಡ್ತೀವಿ. ಕೆಳಗಿನವರು ಕಿಟಕಿ ಹಾಕ್ಕೊಂಡು ನಮ್ಮ ಫೋಟೋ ನೋಡ್ತಾರೆ.

ಅಲೆಸಾಲು
@ಗುಡ್ಡದಮನೆ ಅರ್ಧ ಕಥೆ ಹೇಳಬೇಡಿ ಸ್ವಾಮಿ. ಜನವರಿಯಲ್ಲಿ ಏನಾಗುತ್ತೆ ಅದನ್ನೂ ಹೇಳಿ. ನೀರು ಹೆಪ್ಪುಗಟ್ಟದೆ ಇರುವಷ್ಟು ದಿನ ದಡದಲ್ಲಿ ನಿಮಗಿಂತ ಐದಾರು ಡಿಗ್ರಿ ಬೆಚ್ಚಗಿರುತ್ತೆ. ಜುಲೈನಲ್ಲಿ ನಿಮಗೆ ಎಸಿ ಬೇಕು, ನಮಗೆ ಬೇಡ. ಸೆಪ್ಟೆಂಬರ್ ಮಧ್ಯದಲ್ಲೇ ನಿಮ್ಮ ಟೊಮೆಟೊ ಗಿಡ ಇಬ್ಬನಿ ಗಡ್ಡೆ ಕಟ್ಟಿ ಸುಟ್ಟುಹೋಗುತ್ತೆ, ನಮ್ಮದು ಅಕ್ಟೋಬರ್ ತನಕ ಎಳೆಯುತ್ತೆ. ವಸಂತ ತಡವಾಗಿ ಬರುತ್ತೆ ಅನ್ನೋದು ನಿಜ. ಶರತ್ಕಾಲವೂ ತಡವಾಗಿಯೇ ಬರುತ್ತೆ ಅಲ್ವಾ?

ಗುಡ್ಡದಮನೆ
ತಡವಾಗಿ ಬಂದ ಟೊಮೆಟೊ ಹಣ್ಣಾಗಬೇಕಲ್ಲ! ಜೂನ್ ಪೂರ್ತಿ ಮಂಜಲ್ಲಿ ನಿಂತ ಗಿಡ ಆಗಸ್ಟ್‌ನಲ್ಲಿ ಹೂ ಬಿಡುತ್ತೆ. ಅಕ್ಟೋಬರ್ ತನಕ ಎಳೆದರೂ ಕೊನೆಗೆ ಆಗೋದು ಕಾಯಿ ಚಟ್ನಿನೇ.

ಅಲೆಸಾಲು
ಕಾಯಿ ಟೊಮೆಟೊ ಚಟ್ನಿಗೆ ಏನು ಕಮ್ಮಿ?

ನೀರಿನ_ಲೆಕ್ಕ
ಮೂಲ ಪ್ರಶ್ನೆಗೆ ಬರ್ತೀನಿ. ಸ್ವಲ್ಪ ಉದ್ದ ಆಗುತ್ತೆ, ಸಹಿಸಿಕೊಳ್ಳಿ.

ಲೇಕ್ ಸುಪೀರಿಯರ್ ಸುಮಾರು 82,000 ಚದರ ಕಿಲೋಮೀಟರ್. ಕರ್ನಾಟಕದ ಅರ್ಧಕ್ಕೆ ಸ್ವಲ್ಪ ಕಮ್ಮಿ. ಸರಾಸರಿ ಆಳ 147 ಮೀಟರ್, ತುಂಬಾ ಆಳದ ಕಡೆ 406 ಮೀಟರ್. ಇಷ್ಟು ನೀರು ಒಂದು ದೊಡ್ಡ ಹಂಡೆ ಇದ್ದ ಹಾಗೆ, ಕಾಯೋದೂ ನಿಧಾನ ಆರೋದೂ ನಿಧಾನ ಅಂತ ಎಲ್ಲರೂ ಹೇಳ್ತಾರೆ. ಆದರೆ ಹಂಡೆಯಲ್ಲಿ ಬಿಸಿ ನೀರು ಮೇಲೆ ಬಂದು ನಿಲ್ಲುತ್ತೆ. ಇಲ್ಲಿ ಮೇ ತಿಂಗಳಲ್ಲಿ ಉಲ್ಟಾ.

ಸಿಹಿನೀರು 4 ಡಿಗ್ರಿಯಲ್ಲಿ ಅತಿ ಭಾರ. ಚಳಿಗಾಲ ಮುಗಿದಾಗ ಮೇಲಿನ ನೀರು 1, 2 ಡಿಗ್ರಿ ಇರುತ್ತೆ. ಬಿಸಿಲು ಬಿದ್ದು ಅದು 4ರ ಹತ್ತಿರ ಬಂತು ಅಂದುಕೊಳ್ಳಿ, ಭಾರ ಆಗಿ ಕೆಳಗೆ ಇಳಿದುಬಿಡುತ್ತೆ. ಕೆಳಗಿಂದ ತಣ್ಣಗಿರೋದು ಮೇಲೆ ಬರುತ್ತೆ. ಅದೂ ಕಾದು ಇಳಿಯುತ್ತೆ. ಹೀಗೆ ಮೇಲಿಂದ ತಳದ ತನಕ ಎಲ್ಲವೂ 4 ಡಿಗ್ರಿ ಆಗುವವರೆಗೆ ಮೇಲಿನ ಪದರ ಬಿಸಿಯಾಗೋಕೆ ಶುರುವೇ ಆಗಲ್ಲ. ಆಳದ ಜಾಗಗಳಲ್ಲಿ ಇದಕ್ಕೆ ಜೂನ್ ಕೊನೆ, ಕೆಲವು ವರ್ಷ ಜುಲೈ ಕೂಡ ಬೇಕು. ನಿಮ್ಮ ಕಿಟಕಿಯ ಆಚೆ ಇರೋದು ಈಗ ಹೆಚ್ಚುಕಮ್ಮಿ ಫ್ರಿಜ್ಜಿನ ತಣ್ಣೀರು. ಅದರ ಮೇಲೆ ದಕ್ಷಿಣದಿಂದ ಬೆಚ್ಚಗಿನ ತೇವದ ಗಾಳಿ ಹಾದರೆ ನೀವು ಹೇಳಿದ ಮಂಜು.

ಹಾಗಾಗಿ ಕ್ಯಾಲೆಂಡರ್ ನೋಡಿ ಕಾಯಬೇಡಿ. ನೀರಿನ ಪಕ್ಕ ಬೇಸಿಗೆ ಅಂದರೆ ಜುಲೈ ಮಧ್ಯದಿಂದ ಸೆಪ್ಟೆಂಬರ್ ಮಧ್ಯ. ಲೈಲಾಕ್ ಜೂನ್‌ನಲ್ಲಿ ಹೂ ಬಿಡುತ್ತೆ, ಅದಕ್ಕೇನೂ ಆಗಿಲ್ಲ.

ಹೊಸಬ_ಡುಲೂತ್
@ನೀರಿನ_ಲೆಕ್ಕ ಇದನ್ನು ಮನೆ ಏಜೆಂಟ್ ಹೇಳಬೇಕಿತ್ತು. ಅವರು 'ತಂಪಾದ ಬೇಸಿಗೆ' ಅಂತ ಮಾತ್ರ ಹೇಳಿದ್ದರು. ಸುಳ್ಳು ಅನ್ನೋಕೂ ಆಗಲ್ಲ.

ಹಿಮದಗುಡ್ಡೆ_ಹೌಟನ್
ನೀವೆಲ್ಲ ಚಳಿ ಬಗ್ಗೆ ಮಾತಾಡ್ತಿದ್ದೀರಿ, ಹಿಮ ನೋಡಬೇಕಾದ್ರೆ ಸರೋವರದ ಈಚೆ ದಡಕ್ಕೆ ಬನ್ನಿ. ಮಿಷಿಗನ್‌ನ ಹೌಟನ್‌ನಲ್ಲಿ ಓದ್ತಿದ್ದೀನಿ, ಕೀವಿನಾ ಪರ್ಯಾಯ ದ್ವೀಪ. ವಾಯವ್ಯದ ಒಣ ಚಳಿಗಾಳಿ ತೆರೆದ ನೀರಿನ ಮೇಲೆ ಹಾದು ತೇವ ಹೀರ್ಕೊಂಡು ಬಂದು ನಮ್ಮ ತಲೆ ಮೇಲೆ ಸುರಿಯುತ್ತೆ. ಸಾಮಾನ್ಯ ವರ್ಷದಲ್ಲೇ 200 ಇಂಚಿನ ಆಸುಪಾಸು. ಹೆದ್ದಾರಿ ಪಕ್ಕ ಹಿಮದ ಅಳತೆ ತೋರಿಸೋಕೆ ಅಂತಲೇ ಎತ್ತರದ ಕಂಬ ನಿಲ್ಲಿಸಿದ್ದಾರೆ. 1978-79ರ ದಾಖಲೆ 390.4 ಇಂಚು, ಅಂದರೆ ಹತ್ತಿರ ಹತ್ತಿರ 10 ಮೀಟರ್.

ಇಲ್ಲಿ ಬಾಡಿಗೆ ಕರಾರಿನಲ್ಲಿ 'ಮಾಡಿನ ಹಿಮ ಯಾರು ತೆಗೀಬೇಕು' ಅಂತ ಮೊದಲೇ ಕೇಳಿಕೊಳ್ಳಿ. ನಮ್ಮ ಮನೆ ಮಾಲೀಕರು ಸಲಿಕೆ ಕೊಟ್ಟು ಕೈ ತೊಳ್ಕೊಂಡರು.

ಎಮ್ಮೆಊರು_ಬಫಲೋ
200 ಇಂಚು ವರ್ಷಕ್ಕೆ ತಾನೆ? ನಮ್ಮ ಬಫಲೋದಲ್ಲಿ 2022 ನವೆಂಬರ್‌ನಲ್ಲಿ ಆರ್ಚರ್ಡ್ ಪಾರ್ಕ್ ಕಡೆ ಕೆಲವೇ ದಿನದಲ್ಲಿ 6 ಅಡಿಗಿಂತ ಜಾಸ್ತಿ ಬಿತ್ತು. ಅದೇ ಹೊತ್ತಿಗೆ ಊರಿನ ಉತ್ತರದ ಕಡೆ ಜನ ಆರಾಮಾಗಿ ಓಡಾಡ್ಕೊಂಡಿದ್ದರು. ಹಿಮದ ಪಟ್ಟಿ ಅಷ್ಟು ಕಿರಿದು. ನಿಮಗೂ ನಮಗೂ ಒಂದು ವ್ಯತ್ಯಾಸ ಇದೆ. ನಮ್ಮ ಲೇಕ್ ಈರೀ ಆಳ ಕಮ್ಮಿ, ಸರಾಸರಿ 19 ಮೀಟರ್. ಬೇಗ ಹೆಪ್ಪುಗಟ್ಟುತ್ತೆ. ಮೇಲೆ ಐಸ್ ಮುಚ್ಚಿದರೆ ಹಿಮದ ಕಾರ್ಖಾನೆ ಬಂದ್. ಸುಪೀರಿಯರ್ ಅಷ್ಟು ಸುಲಭಕ್ಕೆ ಬಾಗಿಲು ಹಾಕಲ್ಲ, ಅದೇ ನಿಮ್ಮ ಗ್ರಹಚಾರ.

ಬಂದರು_ಬಾಬು
ಡುಲೂತ್‌ಗೆ ಬರುವ ವಾಯವ್ಯದ ಗಾಳಿ ಒಣ ನೆಲದ ಮೇಲಿಂದ ಬರೋದು, ಹಾಗಾಗಿ ಹೌಟನ್ ಥರ ಇಲ್ಲಿ ದಿನಾ ಸುರಿಯಲ್ಲ. ನಮಗೆ ಪೂರ್ವ ಅಥವಾ ಈಶಾನ್ಯದ ಗಾಳಿ ಬಂದಾಗ ಕೇಡುಗಾಲ. ಆದರೂ 2022-23ರಲ್ಲಿ 140 ಇಂಚು ಬಿದ್ದು ಊರಿನ ದಾಖಲೆ ಮುರೀತು. ಗುಡ್ಡದ ಮೇಲೆ ಜಾಸ್ತಿ, ದಡದಲ್ಲಿ ಕಮ್ಮಿ. ಕೆಳಗೆ ಮಳೆ ಬರ್ತಿದ್ದಾಗ ಮೇಲೆ ಹಿಮ ಬೀಳೋದು ನವೆಂಬರ್‌ನಲ್ಲಿ ಮಾಮೂಲು. ಮನೆ ನೋಡುವಾಗ ಬೀದಿಯ ಇಳಿಜಾರು ನೋಡಿ. ಕೆಲವು ಅಡ್ಡರಸ್ತೆಗಳಲ್ಲಿ ಐಸ್ ಕಟ್ಟಿದ ದಿನ ಬ್ರೇಕ್ ಒತ್ತಿದರೆ ನೇರ ಸರೋವರದ ಕಡೆಗೇ ಪ್ರಯಾಣ.

ತುಂಗೆತೀರ
ಊರಲ್ಲಿ ಅಜ್ಜಿ ಶಿವರಾತ್ರಿಗೆ ಚಳಿ 'ಶಿವ ಶಿವ' ಅಂತ ಹೊರಟುಹೋಗುತ್ತೆ ಅಂತಿದ್ದರು. ಇಲ್ಲಿ ಶಿವರಾತ್ರಿ ಜಾಗರಣೆ ದಿನ ಮೈನಸ್ 25. ಶಿವ ಶಿವ ಅನ್ನೋದು ನಾವು. 🥶

ಮೆಂಡೋಟ_ಮಾವ
ಮ್ಯಾಡಿಸನ್‌ನಿಂದ (ವಿಸ್ಕಾನ್ಸಿನ್) ಒಂದು ಮಾತು. ನಮ್ಮ ಲೇಕ್ ಮೆಂಡೋಟ ಚಿಕ್ಕದು, ಆದರೆ ಅದು ಯಾವಾಗ ಹೆಪ್ಪುಗಟ್ಟಿತು, ಯಾವಾಗ ಕರಗಿತು ಅಂತ 1850ರ ದಶಕದಿಂದ ಬರೆದಿಟ್ಟಿದ್ದಾರೆ. ಕರಗಿತು ಅಂತ ಸಾರೋಕೆ ಒಂದು ಹಳೇ ಪದ್ಧತಿ ಇದೆ. ಪಿಕ್ನಿಕ್ ಪಾಯಿಂಟ್‌ನಿಂದ ಮೇಪಲ್ ಬ್ಲಫ್‌ಗೆ ದೋಣಿ ಹುಟ್ಟು ಹಾಕ್ಕೊಂಡು ಹೋಗೋ ಹಾಗಿರಬೇಕು. ಮೊದಲೆಲ್ಲ ವರ್ಷಕ್ಕೆ ಸುಮಾರು ನಾಲ್ಕು ತಿಂಗಳು ಐಸ್ ಇರುತ್ತಿತ್ತು, ಈಗ ಮೂರು ತಿಂಗಳು ಇದ್ದರೆ ಹೆಚ್ಚು. 2001-02ರಲ್ಲಿ ಬರೀ 21 ದಿನ ಇತ್ತು.

ಐಸ್ ಮೇಲೆ ಹೋಗುವವರಿಗೆ: ನಡೆಯೋಕೆ ಕನಿಷ್ಠ 4 ಇಂಚು ಗಟ್ಟಿ ಪಾರದರ್ಶಕ ಐಸ್ ಬೇಕು. ಬೆಳ್ಳಗಿರೋದು, ಹಿಮ ಬೆರೆತದ್ದು ಅದರ ಅರ್ಧದಷ್ಟೇ ಬಲ ಇರುತ್ತೆ ಅಂತ ಲೆಕ್ಕ ಹಾಕಿ. ರಾತ್ರಿ ಚಳಿ ಏರಿದಾಗ ಐಸ್ ಬಿರಿದು 'ಢುಂ' ಅನ್ನುತ್ತೆ, ಆಮೇಲೆ ಸುಯ್ಯ್ ಅಂತ ಆಚೆ ದಡದ ತನಕ ಓಡುತ್ತೆ. ಮೊದಲ ಸಲ ಕೇಳಿದಾಗ ಯಾರೋ ಗುಂಡು ಹಾರಿಸಿದರು ಅಂತ ನಮ್ಮನೆಯವರು ಪೊಲೀಸರಿಗೆ ಫೋನ್ ಮಾಡೋಕೆ ಹೊರಟಿದ್ದರು.

ಅಲೆಸಾಲು
ಸುಪೀರಿಯರ್ ಐಸ್ ಮೇಲೆ ಮಾತ್ರ ಆ ಇಂಚಿನ ಲೆಕ್ಕ ನಂಬಬೇಡಿ. ಅದು ನಿಂತಲ್ಲಿ ನಿಲ್ಲೋ ಐಸ್ ಅಲ್ಲ. ಬೆಳಿಗ್ಗೆ ದಿಗಂತದ ತನಕ ಬೆಳ್ಳಗೆ ಮುಚ್ಚಿರುತ್ತೆ, ಪಶ್ಚಿಮದ ಗಾಳಿ ಎದ್ದರೆ ಸಂಜೆಗೆ ಬರೀ ನೀಲಿ ನೀರು. ಮೇಲೆ ಮೀನು ಹಿಡಿತಾ ಕೂತವರೂ ಐಸ್ ತುಂಡಿನ ಸಮೇತ ತೇಲಿಹೋದದ್ದುಂಟು, ರಕ್ಷಣಾ ಪಡೆ ಹೋಗಿ ಕರ್ಕೊಂಡು ಬರಬೇಕಾಯ್ತು.

ಮೈನಸ್ 25ರ ಬೆಳಿಗ್ಗೆ ತೆರೆದ ನೀರಿನಿಂದ ಹಬೆ ಏಳುತ್ತೆ ನೋಡಿ, ಸೀ ಸ್ಮೋಕ್ ಅಂತಾರೆ. ಸೂರ್ಯ ಹುಟ್ಟುವಾಗ ಅದು ಕಂಬ ಕಂಬವಾಗಿ ನಿಂತು ಸುತ್ತುತ್ತೆ, ಬುಡ ಕಿತ್ತಳೆ, ತುದಿ ಬೂದಿ ಬಣ್ಣ. ಹಡಗು ಬಂದರೆ ಮೇಲಿನ ಕ್ಯಾಬಿನ್ ಮಾತ್ರ ಕಾಣುತ್ತೆ, ಕೆಳಗೆ ಹಡಗೇ ಇಲ್ಲ. ಇದು ಗುಡ್ಡದ ಮೇಲಿನ ಅಂಗಳದಲ್ಲಿ ಸಿಗಲ್ಲ 😌

ಗುಡ್ಡದಮನೆ
ಕಾರು ಅಂತ ಒಂದಿದೆ. ನೋಡೋಕೆ ಕೆಳಗೆ ಬರ್ತೀವಿ, ಮಲಗೋಕೆ ಮೇಲೆ ಹೋಗ್ತೀವಿ.

ಕುಂದಾಪ್ರ_ಕಡಲು
ಮೀನಿನ ಸುದ್ದಿ ಯಾರೂ ಎತ್ತಲಿಲ್ಲವಾ? ಏಪ್ರಿಲ್ ಕೊನೆ, ಮೇ ಶುರುವಿನ ರಾತ್ರಿಗಳಲ್ಲಿ ಸ್ಮೆಲ್ಟ್ ಮೀನು ಮೊಟ್ಟೆ ಇಡೋಕೆ ದಡಕ್ಕೆ ಬರುತ್ತೆ. ಬೆರಳುದ್ದದ ಬೆಳ್ಳಿ ಮೀನು. ಪಾರ್ಕ್ ಪಾಯಿಂಟ್‌ನಲ್ಲಿ (ಊರಿನ ಮರಳು ದಡ) ಜನ ಎದೆಮಟ್ಟದ ರಬ್ಬರ್ ಪ್ಯಾಂಟ್ ಹಾಕ್ಕೊಂಡು, ತಲೆಗೆ ಟಾರ್ಚ್ ಕಟ್ಟಿಕೊಂಡು ಬಲೆ ಎಳೀತಾರೆ. ನೀರು 4 ಡಿಗ್ರಿ, ಕೈ ಮರಗಟ್ಟುತ್ತೆ. ಹಸಿ ಮೀನು ಮೂಸಿ ನೋಡಿ, ಎಳೆ ಸೌತೆಕಾಯಿ ವಾಸನೆ! ನಿಜವಾಗಿ ಹೇಳ್ತಿದ್ದೀನಿ. ಮೆಣಸಿನಪುಡಿ, ಹುಣಸೆ ಹಚ್ಚಿ ರವೆಯಲ್ಲಿ ಹೊರಳಿಸಿ ಕರಿದರೆ ಮುಳ್ಳು ಸಮೇತ ತಿನ್ನಬಹುದು. ವಸಂತ ಬಂತಾ ಇಲ್ಲವಾ ಅನ್ನೋದು ನನಗೆ ತಿಳಿಯೋದೇ ಅದರಿಂದ.

ತುಂಗೆತೀರ
ಸಸ್ಯಾಹಾರಿಗಳಿಗೆ ವಸಂತ ಯಾವುದರಿಂದ ತಿಳಿಯುತ್ತೆ?

ಕುಂದಾಪ್ರ_ಕಡಲು
ಮೇಪಲ್ ಸಿರಪ್. ರಾತ್ರಿ ಸೊನ್ನೆಗಿಂತ ಕೆಳಗೆ, ಹಗಲು ಮೇಲೆ ಇರುವ ಮಾರ್ಚ್, ಏಪ್ರಿಲ್ ದಿನಗಳಲ್ಲಿ ಮರದಿಂದ ರಸ ಇಳಿಯುತ್ತೆ. ಸುಮಾರು 40 ಲೀಟರ್ ರಸ ಕುದಿಸಿದರೆ 1 ಲೀಟರ್ ಸಿರಪ್. ದೋಸೆಗೆ ಚೆನ್ನಾಗಿರುತ್ತೆ.

ಬಂದರು_ಬಾಬು
ನನಗೆ ಹಡಗಿನ ಹಾರ್ನ್. ಸೂ ಲಾಕ್ಸ್ (ಸರೋವರದ ಆಚೆ ತುದಿಯಲ್ಲಿ ಹಡಗು ಏರಿಸಿ ಇಳಿಸೋ ಜಲಬಾಗಿಲು) ಸಾಮಾನ್ಯವಾಗಿ ಜನವರಿ 15ಕ್ಕೆ ಮುಚ್ಚಿ ಮಾರ್ಚ್ 25ಕ್ಕೆ ತೆರೆಯುತ್ತೆ. ಆಮೇಲೆ ಮೊದಲ ದೊಡ್ಡ ಹಡಗು ನಮ್ಮ ಬಂದರಿನ ಕಾಲುವೆಗೆ ಬಂದು ಹಾರ್ನ್ ಹೊಡೆದಾಗ ಲಿಫ್ಟ್ ಬ್ರಿಜ್ (ಹಡಗಿಗೆ ದಾರಿ ಬಿಡೋಕೆ ಮೇಲೇಳೋ ಸೇತುವೆ) ವಾಪಸ್ ಹೊಡೆಯುತ್ತೆ. ದಡದಲ್ಲಿ ಹಿಮದಲ್ಲೇ ನಿಂತು ಜನ ಚಪ್ಪಾಳೆ ತಟ್ಟುತ್ತಾರೆ.

ಮರದನೆರಳು
ಒಂದು ಪೆದ್ದ ಪ್ರಶ್ನೆ. ಸರೋವರ ಬಿಸಿಯಾಗ್ತಿದೆ ಅಂತ ಎಲ್ಲೋ ಓದಿದೆ. ನಿಮಗೆಲ್ಲ ಅದು ಒಳ್ಳೇದೇ ಅಲ್ವಾ? ಬೇಗ ವಸಂತ, ಈಜೋಕೆ ಬೆಚ್ಚಗಿನ ನೀರು.

ನೀರಿನ_ಲೆಕ್ಕ
@ಮರದನೆರಳು ಪೆದ್ದ ಪ್ರಶ್ನೆ ಅಲ್ಲ, ಇಲ್ಲಿನವರೂ ಹಾಗೇ ಅಂತಾರೆ. ಬಿಸಿಯಾಗ್ತಿರೋದು ನಿಜ. ಇದೇ ಊರಿನ ವಿಶ್ವವಿದ್ಯಾಲಯದ ಜೇ ಆಸ್ಟಿನ್ ಮತ್ತು ಸ್ಟೀವ್ ಕೋಲ್ಮನ್ 2007ರಲ್ಲಿ ತೋರಿಸಿದರು: 1979ರಿಂದ 2006ರ ನಡುವೆ ಬೇಸಿಗೆಯ ಮೇಲ್ಮೈ ನೀರು ಸುಮಾರು 2.5 ಡಿಗ್ರಿ ಏರಿದೆ. ಸುತ್ತಲಿನ ಗಾಳಿಗಿಂತಲೂ ವೇಗವಾಗಿ! ಐಸ್ ಕಮ್ಮಿ ಆದರೆ ನೀರು ಬಿಸಿಲು ಹೀರೋಕೆ ಬೇಗ ಶುರು ಮಾಡುತ್ತೆ, ನಾನು ಮೇಲೆ ಹೇಳಿದ ಆ 4 ಡಿಗ್ರಿ ಆಟ ಬೇಗ ಮುಗಿಯುತ್ತೆ.

ಒಳ್ಳೇದಾ? 2012ರಲ್ಲಿ, ಮತ್ತೆ 2018ರಲ್ಲಿ ವಿಸ್ಕಾನ್ಸಿನ್ ದಡದಲ್ಲಿ ನೀಲಿಹಸಿರು ಪಾಚಿ ಹಬ್ಬಿತು. ಜೋರು ಮಳೆ ಮಣ್ಣು, ಗೊಬ್ಬರ ಕೊಚ್ಚಿ ತಂದಿತು, ಬೆಚ್ಚಗಿನ ನೀರು ಅದಕ್ಕೆ ಸೇರಿತು. ಸುಪೀರಿಯರ್‌ನಲ್ಲಿ ಪಾಚಿ ಅಂದರೆ ಹಳೇ ಜನ ನಂಬುತ್ತಿರಲಿಲ್ಲ.

ಗುಡ್ಡದಮನೆ
ಹಾಗಂತ ಪ್ರತಿ ವರ್ಷ ಐಸ್ ಇಲ್ಲ ಅಂತೇನಿಲ್ಲ. 2014ರಲ್ಲಿ ಸರೋವರದ ಶೇ 95 ಮುಚ್ಚಿತ್ತು. ಮೇ ಕೊನೆಯಲ್ಲಿ ಮಿಷಿಗನ್ನಿನ ಮಾರ್ಕೆಟ್ (Marquette) ಅನ್ನೋ ಊರಿನ ದಡದಲ್ಲಿ ಈಜುಡುಗೆ ಹಾಕಿದವರು ತೇಲೋ ಐಸ್ ಗಡ್ಡೆ ಮೇಲೆ ಕೂತು ಫೋಟೋ ತೆಗೆಸಿಕೊಂಡಿದ್ದರು.

ನೀರಿನ_ಲೆಕ್ಕ
ಹೌದು, ಏರಿಳಿತ ಇದ್ದೇ ಇದೆ. ಆ ಚಳಿಗಾಲ ವಿಸ್ಕಾನ್ಸಿನ್ ದಡದ ಅಪೋಸಲ್ ದ್ವೀಪಗಳ ಐಸ್ ಗುಹೆ ನೋಡೋಕೆ 1,38,000 ಜನ ಬಂದಿದ್ದರು. 2015ರಲ್ಲೂ ತೆರೆದರು. ಆಮೇಲೆ ವರ್ಷಗಟ್ಟಲೆ ಜನರನ್ನು ಬಿಡುವಷ್ಟು ಐಸ್ ಗಟ್ಟಿಯಾಗಲೇ ಇಲ್ಲ. ಒಂದು ವರ್ಷ ಹಿಡ್ಕೊಂಡು ವಾದ ಮಾಡಬೇಡಿ ಅನ್ನೋದು ಅದಕ್ಕೇ.

ಈಜುಗಾತಿ
ಈಜೋ ಮಾತು ಬಂತಲ್ಲ, ಒಂದು ಗುಟ್ಟು. ಆಗಸ್ಟ್‌ನಲ್ಲಿ ಗಾಳಿ ಪಶ್ಚಿಮದಿಂದ ಬೀಸಿ ಸುಡು ಬಿಸಿಲಿದ್ದ ದಿನ ಎಲ್ಲರೂ ಪಾರ್ಕ್ ಪಾಯಿಂಟ್‌ಗೆ ಓಡ್ತಾರೆ. ನೀರಿಗೆ ಕಾಲಿಟ್ಟರೆ ಮೂಳೆ ನೋಯುತ್ತೆ! ಆ ಗಾಳಿ ಮೇಲಿನ ಬೆಚ್ಚಗಿನ ನೀರನ್ನು ಆಚೆ ತಳ್ಳುತ್ತೆ, ತಳದ ತಣ್ಣೀರು ಎದ್ದು ಬರುತ್ತೆ. ಹಿಂದಿನ ದಿನ 18 ಇದ್ದದ್ದು ಮಾರನೇ ದಿನ 9 ಆಗಬಹುದು. ಪೂರ್ವದ ಗಾಳಿ ಒಂದೆರಡು ದಿನ ಬೀಸಿ, ಜನ ಚಳಿ ಅಂತ ಮನೆ ಸೇರಿದ ಮೇಲೆ ನೀರು ಬೆಚ್ಚಗಿರುತ್ತೆ. ಆದರೆ ಅಲೆ ಎದ್ದಿದ್ದರೆ ಸೆಳೆತ ಜೋರು. ಬಾವುಟದ ಬಣ್ಣ ನೋಡಿ ಇಳಿಯಿರಿ, ಕೆಂಪಿದ್ದರೆ ಮರಳಲ್ಲೇ ಇರಿ.

ಹೊಸಬ_ಡುಲೂತ್
ಇಷ್ಟು ಮಾಹಿತಿ ಎಲ್ಲೂ ಸಿಕ್ಕಿರಲಿಲ್ಲ. ಇನ್ನೊಂದು: ದಡಕ್ಕೆ ತೀರಾ ಹತ್ತಿರದ ಒಂದು ಮನೆ ಕಮ್ಮಿ ಬೆಲೆಗೆ ಬಂದಿದೆ. ನೋಡಬಹುದಾ?

ಬಂದರು_ಬಾಬು
ಕಮ್ಮಿ ಬೆಲೆ ಯಾಕೆ ಅಂತ ನವೆಂಬರ್ ಹೇಳುತ್ತೆ. ನೀರು ಇನ್ನೂ ಬೆಚ್ಚಗೆ, ಮೇಲಿನ ಗಾಳಿ ಏಕ್‌ದಂ ತಣ್ಣಗೆ, ಬಯಲಿನಿಂದ ಬರುವ ಬಿರುಗಾಳಿಗೆ ಅದೇ ಬಲ. ಎಡ್ಮಂಡ್ ಫಿಟ್ಜ್‌ಜೆರಾಲ್ಡ್ ಅನ್ನೋ ಹಡಗು ಪಕ್ಕದ ಸುಪೀರಿಯರ್ ಊರಿನಲ್ಲೇ ಅದಿರು ತುಂಬಿಕೊಂಡು ಹೊರಟಿದ್ದು. ಮಾರನೇ ದಿನ, 1975 ನವೆಂಬರ್ 10ಕ್ಕೆ, 29 ಜನರ ಸಮೇತ ಮುಳುಗಿತು. ಪ್ರತಿ ವರ್ಷ ಆ ದಿನ ಸ್ಪ್ಲಿಟ್ ರಾಕ್ ದೀಪಸ್ತಂಭ ಹಚ್ಚಿ ಹೆಸರು ಓದುತ್ತಾರೆ.

ಮನೆ ವಿಷಯಕ್ಕೆ: 2017 ಅಕ್ಟೋಬರ್‌ನಿಂದ 2018 ಅಕ್ಟೋಬರ್ ಒಳಗೆ ಮೂರು ಬಿರುಗಾಳಿ ಬಂದು ಲೇಕ್‌ವಾಕ್ ಅನ್ನೋ ದಡದ ಕಾಲುದಾರಿಯನ್ನು ಕಿತ್ತುಹಾಕಿದವು. ಬಂಡೆಗಳು ರಸ್ತೆಗೆ ಬಂದಿದ್ದವು. ಆ ಮನೆಯ ಹಿಂದೆ ದಡ ಎಷ್ಟು ಕೊರೆದಿದೆ, ವಿಮೆಯವರು ಏನಂತಾರೆ, ಎರಡೂ ಕೇಳಿ ಆಮೇಲೆ ಬೆಲೆ ಮಾತಾಡಿ.

ಅಲೆಸಾಲು
ಇದಕ್ಕೆ ನಾನೂ ಬಾಬು ಪಕ್ಷ. ಎರಡು ಮೂರು ಬೀದಿ ಮೇಲೆ ಇರಿ. ನೀರು ಕಾಣಬೇಕು, ಮನೆಗೆ ಹಾರಬಾರದು.

ತುಂಗೆತೀರ
ಮೇ ತಿಂಗಳ ಹಿಟ್ಟು ಹೇಗೆ ಹುದುಗಿಸ್ತೀರಿ ಹೇಳಿ ಮೊದಲು. ದಡದ ಮನೆಯಲ್ಲಿ ನನ್ನ ದೋಸೆ ಹಿಟ್ಟು ಎರಡು ರಾತ್ರಿ ಕಳೆದರೂ ಮಿಸುಕಲ್ಲ.

ಗುಡ್ಡದಮನೆ
ಓವನ್ ಒಳಗೆ ದೀಪ ಹಾಕಿ ಇಡಿ. ಮರೆತು ಓವನ್ ಆನ್ ಮಾಡಬೇಡಿ.

ಮೆಂಡೋಟ_ಮಾವ
ಕರಿಬೇವಿನ ಗಿಡ ಯಾರದ್ದಾದ್ರೂ ಬದುಕಿದೆಯಾ?

ಕುಂದಾಪ್ರ_ಕಡಲು
ನಂದು ಅಕ್ಟೋಬರ್‌ನಲ್ಲಿ ಒಳಗೆ ಬಂದರೆ ಜೂನ್ ಕೊನೆಗೆ ಹೊರಗೆ. ನಡುವೆ ಎಲೆಯೆಲ್ಲ ಉದುರಿಸಿ ಕಡ್ಡಿಯಾಗಿ ನಿಲ್ಲುತ್ತೆ. ಸತ್ತಿದೆ ಅಂತ ಎಸೀಬೇಡಿ, ನೀರು ಕಮ್ಮಿ ಮಾಡಿ ಕಾಯಿರಿ.

ಗದಗಿನ_ಗಾಳಿ
ಹಕ್ಕಿ ಬಗ್ಗೆ ಯಾರೂ ಹೇಳಲಿಲ್ಲವಲ್ಲ! ಡುಲೂತ್‌ನಲ್ಲಿದ್ದು ಹಾಕ್ ರಿಜ್ (ವಲಸೆ ಗಿಡುಗ ನೋಡೋ ಬೆಟ್ಟ) ನೋಡದೆ ಇರ್ತೀರಾ? ಸೆಪ್ಟೆಂಬರ್ ಮಧ್ಯದಲ್ಲಿ ಹೋಗಿ. ಕೆನಡಾದಿಂದ ದಕ್ಷಿಣಕ್ಕೆ ಹೊರಟ ಗಿಡುಗಗಳಿಗೆ ಎದುರಿಗೆ ಇಷ್ಟಗಲ ನೀರು. ನೀರಿನ ಮೇಲೆ ಬಿಸಿಗಾಳಿ ಏಳಲ್ಲ, ರೆಕ್ಕೆ ಬಡಿದೇ ದಾಟಬೇಕು. ಅದು ಅವಕ್ಕೆ ಬೇಡ. ಹಾಗಾಗಿ ದಡ ಹಿಡಿದು ಬಂದು ಬಂದು ಈ ಮೂಲೆಯಲ್ಲಿ ಗುಂಪು ಸೇರ್ತವೆ. 2003 ಸೆಪ್ಟೆಂಬರ್ 15ರಂದು ಒಂದೇ ದಿನ ಒಂದು ಲಕ್ಷಕ್ಕೂ ಜಾಸ್ತಿ ಅಗಲರೆಕ್ಕೆ ಗಿಡುಗ ಎಣಿಸಿದ್ದಾರೆ.

ನಮ್ಮೂರ ಕಡೆ ಶಿರಹಟ್ಟಿ ಹತ್ತಿರದ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತು ಬರ್ತವೆ, ಹಿಮಾಲಯ ದಾಟಿ. ಅಲ್ಲಿ ಬರೋದನ್ನು ನೋಡಿ ಬೆಳೆದವನು, ಇಲ್ಲಿ ಹೋಗೋದನ್ನು ನೋಡ್ತಿದ್ದೀನಿ.

ಹೊಸಬ_ಡುಲೂತ್
@ಗದಗಿನ_ಗಾಳಿ ಸೆಪ್ಟೆಂಬರ್‌ನಲ್ಲಿ ಎಲ್ಲರೂ ಸೇರಿ ಹೋಗೋಣವಾ? ಯಾವ ಗಾಳಿ ಇರಬೇಕು?

ಗದಗಿನ_ಗಾಳಿ
ವಾಯವ್ಯ. ಹಿಂದಿನ ದಿನ ಮಳೆ ಬಂದು, ಬೆಳಿಗ್ಗೆ ಆಕಾಶ ತೊಳೆದಿಟ್ಟಿದ್ದರೆ ರಜೆ ಹಾಕಿ. ಪೂರ್ವದ ಗಾಳಿ ಅಂದರೆ ಮನೆಯಲ್ಲೇ ಇರಿ. ಬೆಟ್ಟದ ಮಣ್ಣುರಸ್ತೆಯಲ್ಲಿ ಕಾರು ನಿಲ್ಲಿಸೋಕೆ ಜಾಗ ಕಮ್ಮಿ, 9ರ ಒಳಗೆ ಬಂದುಬಿಡಿ. ಕುರ್ಚಿ ತನ್ನಿ, ತಲೆ ಎತ್ತಿ ಎತ್ತಿ ಕತ್ತು ಹಿಡ್ಕೊಳ್ಳುತ್ತೆ.

ಈಜುಗಾತಿ
ಪ್ಯಾಂಟ್ ಸಾಕ್ಸ್ ಒಳಗೆ ಸೇರಿಸಿಕೊಳ್ಳಿ. ಅಲ್ಲಿ ಉದ್ದ ಹುಲ್ಲಿದೆ, ಜಿಂಕೆ ಉಣ್ಣಿ (ರಕ್ತ ಹೀರೋ ಹುಳ) ಶರತ್ಕಾಲದಲ್ಲೂ ಹತ್ತುತ್ತೆ. ಅದು ಕಚ್ಚಿ ಬರುವ ಲೈಮ್ ಕಾಯಿಲೆ ತಮಾಷೆ ಅಲ್ಲ, ಮನೆಗೆ ಬಂದು ಮೊಣಕಾಲು ಸಂದಿ, ಕಿವಿ ಹಿಂದೆ ನೋಡಿಕೊಳ್ಳಿ.

ಅಲೆಸಾಲು
ಚಿತ್ರಾನ್ನ ನಂದು.

ಗುಡ್ಡದಮನೆ
ನಿಮ್ಮ ಕಾಯಿ ಟೊಮೆಟೊ ಚಟ್ನಿನೂ ತನ್ನಿ, ನೋಡೇಬಿಡೋಣ. ನಾನು ಕೆಂಪು ಟೊಮೆಟೊ ಗೊಜ್ಜು ತರ್ತೀನಿ.